ಯಾವಾ?

ಪ್ಲೇಟು ಎನ್ನುತ್ತಿದ್ದರು ಆಗ. ನಡುವಿನ ಕೆಂಪು ಕಾಗದದ ಮೇಲೆ
ಬಂಗಾರದ ಅಕ್ಷರ: ಮಿಸ್ ನೀಲಾವತಿ, ಮಂಗಳೂರು.
ಮುಲ್ಕಿಯಲ್ಲಿ ಅವಳನ್ನು ಹಾಗೆ ಕರೆದವರಿಲ್ಲ.
ಅಲ್ಲಿ ಅವಳು ನೀಲು. ಮದುವೆಮನೆಯಲ್ಲಿ
ಚಪ್ಪರದ ಹೊರಗಂಬಕ್ಕೆ ಒರಗಿ ಹಾಡಿ
ಎಲ್ಲರ ಎಲೆ ಎತ್ತಿದ ಮೇಲೆ ಉಣ್ಣುವವಳು.

ಹಡಗು ಹತ್ತಿ ಬೊಂಬಾಯಿಗೆ ಹೋದಳಂತೆ.
ಮೂರು ದಿನ ವಾಂತಿ. ನಾಲ್ಕನೆಯ ದಿನ
ಕಿಟಕಿಗಳಿಗೆಲ್ಲ ಕಂಬಳಿ ಹೊಡೆದ ಕೋಣೆ,
ಗೋಡೆಯಿಂದ ಹೊರಚಾಚಿದ ತಗಡಿನ ಕೊಂಬು.
ಅದರ ಬಾಯಿಗೆ ಹಾಡು, ನಮ್ಮ ಮುಖ ನೋಡಬೇಡ, ಅಂದರು.
ಸ್ವರ ಮೇಲೇರಿದಾಗಲೆಲ್ಲ ಒಬ್ಬ ದೊರೆ
ಅವಳ ಹೆಗಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ,
ತಗ್ಗಿಗೆ ಇಳಿದಾಗ ಮುಂದಕ್ಕೆ ನೂಕುತ್ತಿದ್ದ,
ರಾಟೆಯ ಕೊಡಪಾನದ ಹಾಗೆ.
ರಾತ್ರಿಯಿಡೀ ಹಾಡುವುದನ್ನು ಮಡಚಿ, ಮತ್ತೆ ಮಡಚಿ
ಮೂರು ನಿಮಿಷದ ಎಲೆಯಡಿಕೆ ಸಂಚಿಗೆ ತುರುಕಿದಳು.

ಕೊನೆಗೆ ಹೇಳಿಕೊಟ್ಟಂತೆ ಇಂಗ್ಲಿಷಿನಲ್ಲಿ ಹೆಸರು ಹೇಳಿ,
ಮುಳ್ಳು ಇನ್ನೂ ಮೇಣದ ಮೇಲಿರುವಾಗಲೇ
ಹಿಂತಿರುಗಿ ಕೇಳಿದಳು:
ಯಾವಾ?

ದೊರೆಗೆ ಅದೂ ರಾಗದ ಬಾಲವೆಂದೇ ತೋರಿತು.
ಅಚ್ಚು ಹೊಡೆದಷ್ಟೂ ಸಲ ಅಚ್ಚಾಯಿತು.

ಹುಬ್ಬಳ್ಳಿಯವರು ಕೇಳಿ ತಲೆ ಕೆರೆದುಕೊಂಡರಂತೆ.
ಯಾವ? ಯಾವ ಊರು? ಯಾವ ರಾಗ? ಯಾವನನ್ನು ಕೇಳುತ್ತಿದ್ದಾಳೆ?
ನಮ್ಮ ಬಂದರಿನಲ್ಲಿ ಮಾತ್ರ,
ಗೋಳಿಕಟ್ಟೆ ಬಜಾರಿನ ಅಜ್ಜನ ಚಾ ಹೋಟೆಲಿನಲ್ಲಿ
ಆ ಮಾತು ಮೊದಲ ಸಲ ಕೊಂಬಿನಿಂದ ಉದುರಿದಾಗ
ಬೀದಿಯಲ್ಲಿ ಹೋಗುತ್ತಿದ್ದ ದೂಮ
ತಲೆಯ ಮೇಲಿನ ಅಕ್ಕಿಮುಡಿಯನ್ನು ನಡುದಾರಿಯಲ್ಲೇ ಇಳಿಸಿ
ಒಳಗೆ ಇಣುಕಿದ:
ಓ ದೇವರೇ, ಪೆಟ್ಟಿಗೆಗೆ ತುಳು ಬರುತ್ತದೆ!

ಸಾಕಾ, ಎಂದು ಕೇಳುತ್ತಿದ್ದಾಳೆ ಹೆಂಗಸು,
ಕೈಯಲ್ಲಿ ಸೌಟು ಹಿಡಿದು ನಿಂತವಳ ಹಾಗೆ.

ಆಮೇಲೆ ಹಾಡು ಬೇಡವಾಯಿತು ಅಂತಲ್ಲ.
ಹಾಡಿಗೆ ಚಾ ಕುಡಿಯುತ್ತಿದ್ದರು,
ಆ ಮಾತಿಗೆ ಲೋಟ ಕೆಳಗಿಡುತ್ತಿದ್ದರು.
ಒಣಮೀನಿನ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಇದ್ದಿನಬ್ಬ
ತಾನೇ ಮುಳ್ಳೆತ್ತಿ ಕೊನೆಯ ಸುತ್ತಿಗೆ ಇಡುತ್ತಿದ್ದ.
ಯಾವಾ?
ಸಾಲದು ಅಕ್ಕಾ! ಎಂದು ಹೋಟೆಲಿಗೆ ಹೋಟೆಲೇ ಕೂಗುತ್ತಿತ್ತು.
ಹಂಚಿನ ಕಾರ್ಖಾನೆಯಿಂದ ಮರಳುವ ಹೆಂಗಸರು
ಮೊಣಕೈವರೆಗೂ ಕೆಂಪು ಮಣ್ಣು,
ಹೊಸಿಲಾಚೆ ನಿಂತೇ ಒಂದು ಸಲ ನಕ್ಕು ಹೋಗುತ್ತಿದ್ದರು.

ಅಜ್ಜಿ ನಗುತ್ತಿರಲಿಲ್ಲ.
ಒಲೆಯ ಮುಂದಿನಿಂದ ಏಳದೆ ಒಮ್ಮೆ ಕೇಳಿದಳಂತೆ:
ಆ ದಿನ ಅವಳಿಗೆ ಯಾರಾದರೂ ಊಟ ಹಾಕಿದರಾ?

ನನ್ನ ಪಾಲಿಗೆ ಬಂದದ್ದು ಈ ಒಂದೇ ಪ್ಲೇಟು,
ಅಂಚಿನಲ್ಲಿ ಇಲಿ ಕಚ್ಚಿದಂಥ ಗಾಯ.
ಹಾಡು ಇನ್ನೂ ಕೇಳುತ್ತದೆ, ಮೂಗಿನಲ್ಲಿ, ದೂರದಲ್ಲಿ,
ಪಕ್ಕದ ಮನೆಯವರು ದೋಸೆ ಹೊಯ್ಯುವ ಸದ್ದಿನ ಹಿಂದೆ.
ಹೆಸರು ಅರ್ಧ ಕೇಳುತ್ತದೆ.
ಆ ಮಾತಿದ್ದಲ್ಲಿ ಮಾತ್ರ ಗೀರು ಸವೆದು ಬೆಳ್ಳಗಾಗಿದೆ.
ಕೇಳಿ ಕೇಳಿ ತಿಂದು ಮುಗಿಸಿದ್ದಾರೆ
ದೂಮ, ಇದ್ದಿನಬ್ಬ, ಇಡೀ ಬಂದರು.

ಆದರೂ ಮುಳ್ಳು ಅಲ್ಲಿಗೆ ಬಂದಾಗ
ಕೈಯ ಲೋಟ ತಾನಾಗಿ ಕೆಳಗಿಳಿಯುತ್ತದೆ.