ಶುಕ್ರವಾರ, ನಾಲ್ಕೂ ಇಪ್ಪತ್ತಕ್ಕೆ

ಆ ಕಾನೂನಿಗೆ ಬೈದವಳು ನಾನೇ.
ಗಲ್ಲಾದ ಪಕ್ಕ ಅದರ ಹಾಳೆ ಅಂಟಿಸಿದಾಗ
ಟೇಪು ಸಾಲದೆ ಒಂದು ಮೂಲೆ ಮಡಚಿಕೊಂಡಿತು;
ಹಾಗೇ ಬಿಟ್ಟೆ.
ಎಪ್ಪತ್ತೆರಡು ಗಂಟೆ.
ದುಡ್ಡು ಎಣಿಸಿ ಕೊಟ್ಟವನನ್ನು ಬರಿಗೈಲಿ ಕಳಿಸುವುದು
ವ್ಯಾಪಾರವೇ? ಅದೂ ಮೇಯ್ನ್‌ನ ಈ ಕಾಡಂಚಿನಲ್ಲಿ,
ತೊಟ್ಟಿಲ ಕೂಸಿಗೂ ಬಂದೂಕಿನ ಪರಿಚಯವಿರುವಲ್ಲಿ?

ಮಾರ್ಚ್, ಮಂಗಳವಾರ, ಸಂಜೆ.
ರಸ್ತೆ ತುಂಬ ಕರಗಿದ ಹಿಮದ ರಾಡಿ.
ಲೂಸಿಯೆನ್ ಪೆಲ್ಕಿ ಒಳಗೆ ಬಂದ, ಬೂಟು ಒರೆಸದೆ.
ಯಾವತ್ತೂ ಒರೆಸುವವನು.

ಇಪ್ಪತ್ತಾರು ವರ್ಷ ಕಾಗದದ ಗಿರಣಿಯಲ್ಲಿ ಮೂರನೇ ಯಂತ್ರದವನು.
ಗಿರಣಿ ಮುಚ್ಚಿದ ಮೇಲೆ ಊರಿನಿಂದ
ಬೆಂದ ಕೋಸಿನ ನಾತ ಹೋಯಿತು.
'ನಮ್ಮ ಸಂಬಳದ ವಾಸನೆ ಅದು' ಎನ್ನುತ್ತಿದ್ದ, ಆಗ, ನಗುತ್ತ.
ಆಮೇಲೆ ಡೋರೀನ್ ಹೋದಳು, ಒಲೆಯನ್ನೂ ಒಯ್ದಳು.
ಆಮೇಲೆ ಬಾಗಿಲಿಗೆ ಬ್ಯಾಂಕಿನ ಚೀಟಿ.

ಗಾಜಿನ ಮೇಲೆ ಬೆರಳಿಟ್ಟು 'ಅದು' ಎಂದ.
ಚೌಕಾಸಿಯಿಲ್ಲ. ಯಾವ ಬೇಟೆಗೆಂದು ಹೇಳಲಿಲ್ಲ.
ಮಾರ್ಚಿನಲ್ಲಿ ಜಿಂಕೆ ಬೇಟೆ ಎಲ್ಲಿಯದು?
ಆಗಲೇ ಅನುಮಾನ ಬಂತು ಎಂದು ಈಗ ಹೇಳಬಹುದು,
ಚಂದ ಕಾಣುತ್ತದೆ.
ಬರಲಿಲ್ಲ. ನನಗೆ ಕಾಲು ನೋಯುತ್ತಿತ್ತು,
ಅಂಗಡಿ ಮುಚ್ಚುವ ಹೊತ್ತು.
ಬಾಯಿಪಾಠ ಒಪ್ಪಿಸಿದೆ:
ಶುಕ್ರವಾರ ಬಾ, ನಾಲ್ಕೂ ಇಪ್ಪತ್ತಕ್ಕೆ.
'ಇವತ್ತೇ ಬೇಕಿತ್ತು, ವರ್ನಾ.'
'ನಾನೇನು ಮಾಡಲಿ, ಕಾನೂನು.'
ಮಡಚಿದ ಮೂಲೆಯತ್ತ ಕೈ ತೋರಿದೆ, ಶಪಿಸುತ್ತಲೇ.
ಅವನು ಅದನ್ನು ಪೂರ್ತಿ ಓದಿದ.
ಒಂದಕ್ಷರ ಬಿಡದೆ ಓದಿದ ಗಿರಾಕಿ
ನಾನು ಕಂಡಂತೆ ಅವನೊಬ್ಬನೇ.

ನನ್ನ ತಮ್ಮ ಎವರೆಟ್‌ಗೆ ಯಾರೂ ಶುಕ್ರವಾರ ಬಾ ಎನ್ನಲಿಲ್ಲ.
ಹನ್ನೊಂದು ವರ್ಷದ ಹಿಂದೆ, ಬೇರೆ ಅಂಗಡಿ,
ಮಾಲೀಕ ಸಭ್ಯ ಮನುಷ್ಯ, ಕಾಫಿ ಕೂಡ ಕೊಟ್ಟನಂತೆ.
ಅಂಗಿಯ ಜೇಬಲ್ಲಿದ್ದ ರಸೀದಿ ಈಗಲೂ ನನ್ನ ಹತ್ತಿರ ಇದೆ,
ಶಾಯಿ ಮಾಸಿ ಬರೀ ಬಿಳಿ ಚೂರು.
ಅದರಲ್ಲಿದ್ದ ಹೊತ್ತು ಮಾತ್ರ ನನಗೆ ಬಾಯಿಗೆ ಬರುತ್ತದೆ.
ಆ ರಾತ್ರಿ ಅವನಿಗೆ ಫೋನು ಮಾಡಬೇಕೆಂದಿದ್ದೆ.
ನಾಳೆ ಮಾಡಿದರಾಯಿತು ಎಂದುಕೊಂಡೆ.

ಕೆಟ್ಟ ಗಳಿಗೆ ಎನ್ನುತ್ತೇವಲ್ಲ, ಎಷ್ಟುದ್ದ ಅದು?
ಯಾರೂ ಅಳೆದು ಕೊಟ್ಟಿಲ್ಲ.
ಕಾನೂನು ಬರೆದವರು ಊಹಿಸಿದ್ದಾರೆ, ಅಷ್ಟೆ.

ಶುಕ್ರವಾರ. ನಾಲ್ಕೂ ಇಪ್ಪತ್ತು.
ಹಳದಿ ಚೀಟಿಯ ಪೆಟ್ಟಿಗೆ ಕಪಾಟಿನಲ್ಲೇ.
ಐದಾಯಿತು. ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ.
ಈಗ ಬಂತು ಅನುಮಾನ, ಮೂರು ದಿನ ತಡವಾಗಿ,
ಹೊಟ್ಟೆಯೊಳಗೆ ಕಲ್ಲಾಗಿ.
ಶಟರ್ ಎಳೆದು ಟ್ರಕ್ ಹತ್ತಿದೆ.

ಅವನ ಮನೆಯಲ್ಲಿ ದೀಪವಿರಲಿಲ್ಲ.
ಹಿಂದೆ, ಕೆರೆಯ ಮೇಲೆ, ಎರಡು ಹೆಡ್‌ಲೈಟು.

ಮಂಜುಗಡ್ಡೆ ಸಡಿಲುವ ಮುನ್ನ
ಮೀನುಗುಡಿಸಲನ್ನು ದಡಕ್ಕೆ ತರಬೇಕು;
ಗುಡಿಸಲು ಆರ್ಲೋ ಬೀಲ್ ಅಜ್ಜನದು, ವಯಸ್ಸು ಎಂಬತ್ತೊಂದು,
ಗುರುವಾರ ಬಂದು ಇವನ ಬಾಗಿಲು ಗುದ್ದಿದ್ದನಂತೆ:
'ಹಗ್ಗ ಇರೋದು ನಿನ್ನ ಹತ್ತಿರ ಮಾತ್ರ, ಏಳೋ.'
ಮಂಡಿಯವರೆಗೆ ನೆನೆದು ಲೂಸಿಯೆನ್
ತನ್ನ ಅಮ್ಮನ ಫ್ರೆಂಚಿನಲ್ಲಿ ಬೈಯುತ್ತಿದ್ದ,
ಕೆರೆಗೆ, ಹಗ್ಗಕ್ಕೆ, ಅಜ್ಜನಿಗೆ.
ನನ್ನನ್ನು ಕಂಡು, 'ನಾಲ್ಕೂ ಇಪ್ಪತ್ತಾಯಿತಾ?'
'ಆರೂವರೆ.'
'ಓ.'
ಸ್ವಲ್ಪ ತಡೆದು, 'ಈ ತುದಿ ಹಿಡಿ.'
ಹಿಡಿದೆ.

ಗುಡಿಸಲು ದಡ ಸೇರಿದ ಮೇಲೆ ಕೇಳಿಯೇಬಿಟ್ಟೆ,
ತಮ್ಮನನ್ನು ಕೇಳದೆ ಉಳಿದದ್ದನ್ನು:
ಸಾಯಬೇಕು ಅಂತಿದ್ದೆಯಾ?

ಗಾಳಿ. ಅಜ್ಜ ಬೇಕೆಂದೇ ದೂರ ಹೋಗಿ ಪೈಪು ತುಂಬುತ್ತಿದ್ದ.
'ಮಂಗಳವಾರ, ಹೌದು' ಎಂದ.
'ಇವತ್ತು ಗೊತ್ತಿಲ್ಲ. ಕಾಲು ಒದ್ದೆಯಾಗಿದೆ.'

ಆ ರಾತ್ರಿ ನನ್ನ ಅಡುಗೆಮನೆಯಲ್ಲಿ,
ಒಲೆಯ ಮುಂದೆ ಅವನ ಕಾಲುಚೀಲ ಒಣಗುತ್ತಿರಲು,
ಡಾಕ್ಟರ ನಂಬರು ಹುಡುಕಿ ಇಬ್ಬರೂ ಕೂತು ಫೋನು ಮಾಡಿದೆವು.
ಮತ ಕೇಳಲು ಬಂದವರಿಗೆ ಇನ್ನು ಏನು ಹೇಳುವೆನೋ,
ನನಗಿನ್ನೂ ತಿಳಿದಿಲ್ಲ.
'ಮುಂದಿನ ಮಂಗಳವಾರ ಹೇಗಿರುತ್ತೋ' ಎಂದ.
'ನಾನು ಬರುತ್ತೇನೆ.'
'ಅಂಗಡಿ?'
'ಮುಚ್ಚಿರುತ್ತೆ.'