ನಲವತ್ತೆರಡನೇ ಮೊಳೆ

ಮುಖವಾಡ ಕೊಳ್ಳುವವ ಮೊದಲು ಹಿಂಬದಿ ನೋಡಬೇಕು.
ಬಣ್ಣ ಯಾರಾದರೂ ಹಚ್ಚಿಯಾರು, ಬೆವರು ಹಚ್ಚಲಾಗದು.
ಹಣೆ ತಾಗುವಲ್ಲಿ ಕಪ್ಪಗೆ ನುಣುಪಾದ ಒಂದು ಪಟ್ಟಿ,
ಬಾಯಿ ಬರುವಲ್ಲಿ ಉಸಿರು ತಿಂದ ಗುರುತು,
ಇವಿದ್ದರೆ ಕುಣಿದದ್ದು.
ಇಲ್ಲದಿದ್ದರೆ ಬರೀ ಕಟ್ಟಿಗೆ.

ಇಪ್ಪತ್ತಾರು ವರ್ಷ ಕೊಪ್ಪಳದ ಸುತ್ತ ಟಪಾಲು ಹಂಚಿದೆ.
ಮನಿಯಾರ್ಡರು ಕೊಟ್ಟ ಮನೆಗಳ ಅಟ್ಟದಿಂದ
ಒಂದೊಂದೇ ಮಾರಿ ಇಳಿಸಿಕೊಂಡು ಬಂದೆ:
ಇಲಿ ಕಡಿದ ಹುಲಿ, ಮೂಗು ಹೋದ ರಕ್ಕಸಿ,
ನಗುವುದೋ ಅಳುವುದೋ ತಿಳಿಯದ ಒಬ್ಬ ಮುದುಕ.
ಗೋಡೆ ತುಂಬ ಮೊಳೆ.
ದೇವೀರವ್ವ ಬೈಯುತ್ತಲೇ ಕೊಂಬಿಗೊಂದು ಟವೆಲು ಒಣಹಾಕುತ್ತಾಳೆ.
ರಿಜಿಸ್ಟರಿನಲ್ಲಿ ನಾಲ್ಕು ಕಾಲಮ್ಮು:
ಊರು, ಮರ, ಕಡೆಗೆ ಕುಣಿದವರು, ಈಗ ಎಲ್ಲಿದೆ.

ಕಿನ್ನಾಳದ ಫಕೀರಪ್ಪನದು ಪೊಣಕಿ ಮರದ್ದು,
ಹುಣಸೆಬೀಜದ ಸರಿ ಬಳಿದು ಮಾಡಿದ್ದು.
ಮೊಹರಮ್ಮಿನಲ್ಲಿ ಮೂವತ್ತು ವರ್ಷ ಬೆಂಕಿ ಕಂಡ ಮಾರಿ.
ಕೊಡುವಾಗ ಅಂದಿದ್ದ:
‘ಇಟಗೋರಿ. ಮಾರಬ್ಯಾಡ್ರಿ.’

ನಾನು ಮಾರಲಿಲ್ಲ. ಬದಲಿಸಿಕೊಂಡೆ.

ಆನೆಗೊಂದಿಯಿಂದ ಹರಿಗೋಲಿನ ಮಾರೆಪ್ಪ
ಯಾದೀರಾ ಎಂಬ ಹೆಂಗಸನ್ನು ಕರೆತಂದ.
ನಮ್ಮ ಎರೆಮಣ್ಣಿನ ಬಣ್ಣ, ಗುಂಗುರು ಕೂದಲು.
ಊರು ಮೆಕ್ಸಿಕೊ, ಕಡಲ ದಂಡೆ, ಕರಿಯರ ಹಳ್ಳಿ.
ಚೀಲದಿಂದ ತೆಗೆದದ್ದು ಅವರಜ್ಜನ ಸೈತಾನ:
ದನದ ತೊಗಲು, ಜಿಂಕೆಯ ಕೊಂಬು,
ಎದೆಯವರೆಗೆ ಇಳಿದ ಕುದುರೆಬಾಲದ ಗಡ್ಡ.
ಮಾರೆಪ್ಪನ ಮುರುಕು ಇಂಗ್ಲಿಷು ದಾಟಿ ಬಂದದ್ದಿಷ್ಟು:
‘ಇವರ ಹಿರೇರನ್ನ ಸರಪಳಿ ಹಾಕಿ ಹಡಗಿನಾಗ ತಂದ್ರಂತ.
ದನ ಕಾಯಾಕ ಇಟ್ರಂತ.
ಸತ್ತೋರು ಮನಿಗೆ ಬರೋ ಎರಡು ದಿನ, ನವೆಂಬರದಾಗ,
ಕತ್ತಿ ದವಡಿ ಬಡಕೊಂತ ಇದನ್ನ ಹಾಕ್ಕೊಂಡು ಕುಣಿತಾರಂತ.
ಆ ದವಡ್ಯಾಗ ಹಲ್ಲು ಗಲಗಲ ಅಂತಾವಂತ.’

ಅವಳ ಬೆರಳು ಫಕೀರಪ್ಪನ ಮೊಳೆಯ ಮೇಲೆ ನಿಂತಿತು.
ನಾನು ಇಳಿಸಿ ಕೊಟ್ಟೆ.
ಅಂದು ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು.
ವಿಳಾಸ ಬರೆಸಿಕೊಳ್ಳಲಿಲ್ಲ,
ಮೂರು ಪಿನ್‌ಕೋಡು ಬಾಯಿಪಾಠವಿದ್ದ ನಾನು.

ನಾಲ್ಕು ವರ್ಷಕ್ಕೆ ಫಕೀರಪ್ಪನ ಮೊಮ್ಮಗ ಬಂದ,
ಟ್ರ್ಯಾಕ್ಟರು ರಿಪೇರಿಯ ಹುಸೇನಪ್ಪ, ಉಗುರಲ್ಲಿ ಗ್ರೀಸು.
‘ತಾತನ ಮಾರಿ ಬೇಕ್ರಿ. ಹರಕಿ ಐತಿ. ಕತಲ್ ರಾತ್ರಿಗೆ.’
ರಿಜಿಸ್ಟರು ತೆರೆದೆ.
ಕೊನೆಯ ಕಾಲಮ್ಮು ಖಾಲಿ.
ಅವನು ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.
ಮೊಳೆಯ ಮೇಲಿದ್ದ ಪರದೇಶಿಯನ್ನು ಇಳಿಸಿ, ತಿರುವಿ,
ಹಿಂಬದಿ ನೋಡಿದ.
ಹೆಬ್ಬೆರಳಿನಿಂದ ತಿಕ್ಕಿ ಮೂಸಿದ.
‘ಬೆವರು ಐತಿ’ ಅಂದ. ಬಗಲಿಗೆ ಹಾಕಿಕೊಂಡು ನಡೆದ.

ಅಲಾಯಿ ಕುಣಿಯ ಮುಂದೆ ರಾಜೇಸಾಬ ಅಡ್ಡ ನಿಂತ:
‘ಪೀರಲ ದೇವರ ಮುಂದ ಕೊಂಬಿನ ಸೈತಾನನಾ?’
ಯಾರೋ ನಕ್ಕರು, ಯಾರೋ ‘ಹರಕಿ ಬಿಡೋ ಮುತ್ಯಾ’ ಎಂದರು.
ಹಲಗಿ ಒಂದು ಗಳಿಗೆ ತಡವರಿಸಿತು.
ಹುಸೇನಪ್ಪನ ಕಾಲು ತಾತನ ಹೆಜ್ಜೆಯನ್ನೇ ಹಾಕುತ್ತಿತ್ತು,
ತಲೆ ಮಾತ್ರ ಗಡ್ಡದ ಭಾರಕ್ಕೆ ಬೇರೆ ತರಹ ತೂಗುತ್ತಿತ್ತು.
ಕಿಡಿ ಹಾರಿ ಕುದುರೆಕೂದಲು ಚುರುಗುಟ್ಟಿ ಕಮಟು ನಾತ.
ಹಲಗಿಯವ ಆ ತೂಗಿಗೆ ಏಟು ಬದಲಿಸಿದ.
ಮುದುಕಿಯೊಬ್ಬಳು ಸುಮ್ಮನೆ ಉಪ್ಪು ಎರಚಿ ಕೈಮುಗಿದಳು,
ಯಾರಿಗೆಂದು ನಾನು ಕೇಳಲಿಲ್ಲ.

ಅವನದನ್ನು ತಿರುಗಿ ತಂದಿಲ್ಲ.
ನಾನು ಕೇಳಲೂ ಇಲ್ಲ.
ರಿಜಿಸ್ಟರಿನಲ್ಲಿ ಯಾದೀರಾ ತನ್ನ ಲಿಪಿಯಲ್ಲಿ ಗೀಚಿದ
ಓದಲಾಗದ ಹೆಸರಿನ ಕೆಳಗೆ ಬರೆದೆ:
ಕಡೆಗೆ ಕುಣಿದವರು – ಹುಸೇನಪ್ಪ, ಕಿನ್ನಾಳ.
ಫಕೀರಪ್ಪನ ಸಾಲಿಗೆ ಪೆನ್ನು ಹಿಡಿದು ಕೂತಿದ್ದೇನೆ.
ಅಲ್ಲಿ ಯಾವ ಮೊಳೆಯೋ, ಯಾವ ಹಣೆಯೋ.

ಬರಿದಾದ ಮೊಳೆಗೆ ದೇವೀರವ್ವ ಕ್ಯಾಲೆಂಡರು ತೂಗುಹಾಕಿದ್ದಾಳೆ.
ನವೆಂಬರ ಒಂದು, ಎರಡಕ್ಕೆ ನಾನು ಕೆಂಪು ಗೀಟು ಎಳೆದೆ.
ಯಾಕೆಂದು ಕೇಳಿದಳು.
ಹಾಲಿನವನ ಬಾಕಿ ಎಂದೆ.