ಚೀಟಿಯಲ್ಲಿ ಮಾತ್ರೆ ಇರಲಿಲ್ಲ

ಸರಸ್ವತೀಪುರಂ, ಮಹಡಿ ಮೇಲಿನ ಕೋಣೆ.
'ಎಷ್ಟು ದಿನವಾಯ್ತು?' ಅಂದರು ಡಾಕ್ಟರಮ್ಮ.
'ಎರಡು ತಿಂಗಳು' ಅಂದ ಚೆಲುವರಾಜು.
'ಗೌರಿಹಬ್ಬದಿಂದ' ಅಂದೆ ನಾನು.
ಕಿಟಕಿಯಾಚೆ ಮಾವು ಆಗಲೇ ಹೂ ಬಿಟ್ಟಿತ್ತು.

ಏಳು ವರ್ಷ ತಲೆನೋವು ಅಂದುಕೊಂಡೇ ಬಂದವಳು
ಗುರುತಿಲ್ಲದ ಆ ಮೇಜಿಗೆ ಹೇಳಿದೆ:
'ನೋಯುತ್ತೆ.'
ಪಕ್ಕದ ಕುರ್ಚಿ ಕಿರ್ ಎಂದಿತು.

ಬರೆದುಕೊಟ್ಟದ್ದು ಇಷ್ಟು: ಮೂರು ವಾರ
ಕೂಡುವ ಹಾಗಿಲ್ಲ. ಮುಟ್ಟಬಹುದು,
ಕೇಳಿ ಮುಟ್ಟಬೇಕು.

ಮಂಡ್ಯದ ಬಸ್ಸು. ಪಶ್ಚಿಮವಾಹಿನಿ ದಾಟಿದರೂ ಮಾತಿಲ್ಲ.
ಕಬ್ಬಿನ ಲಾರಿಯ ಹಿಂದೆ ಸಿಕ್ಕಿ ತೆವಳುವಾಗ
'ಕೈ ಹಿಡ್ಕೊಳ್ಲಾ?' ಅಂದ,
ಕೈಸಾಲ ಕೇಳುವವನ ದನಿಯಲ್ಲಿ.

ನಗು ಬಂತು. ತುಸು ಕಾಯಿಸಿದೆ.
ಆಮೇಲೆ ಟಿಕೆಟ್ಟು, ಚಿಲ್ಲರೆ
ಆ ಕೈಗೆ ದಾಟಿಸಿ
ಈ ಕೈ ಕೊಟ್ಟೆ.